ಡೆಂಪ್‌ಸ್ಟರ್ ಹೆದ್ದಾರಿಗೆ ಹೊರಡುವ ಮುಂಚೆ: ಟಯರ್, ಪೆಟ್ರೋಲ್, ಮತ್ತೆರಡು ದಿನ ಜಾಸ್ತಿ

ಕೆನಡಾದಲ್ಲಿರುವ ಕನ್ನಡಿಗರು ಬ್ಯಾನ್ಫ್, ಜಾಸ್ಪರ್ ಎಲ್ಲ ಸುತ್ತಿ ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಒಂದಿದೆ: ಇನ್ನೂ ಉತ್ತರಕ್ಕೆ ಕಾರಲ್ಲೇ ಹೋಗಬಹುದಾ? ಹೋಗಬಹುದು. ಆರ್ಕ್ಟಿಕ್ ಸಮುದ್ರದ ದಂಡೆಯವರೆಗೂ ಹೋಗಬಹುದು. ಕೆನಡಾದ ವಾಯವ್ಯ ಮೂಲೆಯ ಯುಕಾನ್ ಪ್ರದೇಶದಲ್ಲಿ, ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿ ಕಡೆ ಹೋಗುವಾಗ, ಡಾಸನ್ ಇನ್ನೂ 40 ಕಿ.ಮೀ. ಇರುವಾಗ ಬಲಕ್ಕೆ ಒಂದು ಜಲ್ಲಿ ರಸ್ತೆ ಸಿಗುತ್ತದೆ. ಅದೇ ಡೆಂಪ್‌ಸ್ಟರ್ ಹೆದ್ದಾರಿ, 1979ರಲ್ಲಿ ತೆರೆದದ್ದು. ಅಲ್ಲಿಂದ ಇನುವಿಕ್ ಊರಿಗೆ ಸುಮಾರು 736 ಕಿ.ಮೀ. ಮುಂದೆ 2017ರಲ್ಲಿ ತೆರೆದ ಇನ್ನೊಂದು ರಸ್ತೆಯಲ್ಲಿ 138 ಕಿ.ಮೀ. ಹೋದರೆ ಟುಕ್ಟೊಯಾಕ್ಟಕ್. ಅಲ್ಲಿಗೆ ರಸ್ತೆ ಮುಗಿದು ಸಮುದ್ರ ಶುರು.

ಬೇಸಿಗೆಯಲ್ಲಿ ಈ ರಸ್ತೆ ಓಡಿಸುವುದಕ್ಕೆ ದೊಡ್ಡ ಡ್ರೈವರ್ ಆಗಿರಬೇಕಿಲ್ಲ. ಮಾಮೂಲಿ ಎಸ್‌ಯುವಿಯಲ್ಲಿ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಕಷ್ಟ ಇರುವುದು ಬೇರೆ ಕಡೆ. ಏನಾದರೂ ಕೆಟ್ಟರೆ ಸಹಾಯ ನೂರಾರು ಕಿ.ಮೀ. ದೂರದಿಂದ ಬರಬೇಕು, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಊರಲ್ಲಿ ಮೆಕ್ಯಾನಿಕ್‌ಗೆ ಬಿಡುವ ಸಣ್ಣ ಸಣ್ಣ ಕೆಲಸಗಳನ್ನೆಲ್ಲ ನೀವೇ ಕಲಿತು ಹೊರಡಬೇಕು.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಈ ದಾರಿಯಲ್ಲಿ ಪೀಲ್ ಮತ್ತು ಮೆಕೆಂಜಿ ಅಂತ ಎರಡು ದೊಡ್ಡ ನದಿಗಳು ಅಡ್ಡ ಬರುತ್ತವೆ. ಎರಡಕ್ಕೂ ಸೇತುವೆ ಇಲ್ಲ. ಬೇಸಿಗೆಯಲ್ಲಿ ಫೆರ್ರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ದಾರಿ. ನೀರು ಗಟ್ಟಿಯಾಗುವ ಮತ್ತು ಮಂಜುಗಡ್ಡೆ ಒಡೆಯುವ ವಾರಗಳಲ್ಲಿ ಎರಡೂ ಇಲ್ಲ, ದಾರಿ ಪೂರ್ತಿ ಬಂದ್. ಮೊದಲ ಸಲ ಹೋಗುವವರಿಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಸರಿಯಾದ ಕಾಲ. ಜೂನ್‌ನಲ್ಲಿ ಇನುವಿಕ್‌ನಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಆದರೆ ಸೊಳ್ಳೆ ವಿಪರೀತ. ನನ್ನ ಕೇಳಿದರೆ ಆಗಸ್ಟ್ ಕೊನೆ. ಸೊಳ್ಳೆ ಕಡಿಮೆಯಾಗಿರುತ್ತದೆ, ದಾರಿಯಲ್ಲಿ ಸಿಗುವ ಟೂಂಬ್‌ಸ್ಟೋನ್ ಬೆಟ್ಟಗಳ ಬುಡದಲ್ಲಿ ಮೊಣಕಾಲೆತ್ತರದ ಗಿಡಗಳೆಲ್ಲ ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ.

ಲೆಕ್ಕ ಹಾಕಿದ್ದಕ್ಕಿಂತ ಎರಡು ದಿನ ಜಾಸ್ತಿ ರಜೆ ಹಾಕಿ. ಇದನ್ನು ಒತ್ತಿ ಹೇಳುತ್ತೇನೆ. ನದಿ ತುಂಬಿ ಹರಿದರೆ ಫೆರ್ರಿ ನಿಲ್ಲುತ್ತದೆ, ಮಳೆಗೆ ರಸ್ತೆ ಕೊಚ್ಚಿಹೋದರೆ ಗೇಟ್ ಹಾಕುತ್ತಾರೆ. ಸೋಮವಾರ ಆಫೀಸಿಗೆ ಹೋಗಲೇಬೇಕು ಅಂತಿರುವವರು ಕೆಸರಲ್ಲಿ ಜೋರಾಗಿ ಓಡಿಸುತ್ತಾರೆ, ಅಪಘಾತ ಆಗುವುದೇ ಆಗ. ಈ ರಸ್ತೆಗೆ ಡೆಂಪ್‌ಸ್ಟರ್ ಅನ್ನುವ ಹೆಸರು ಬಂದದ್ದೂ ಅವಸರದ ಒಂದು ಕಥೆಯಿಂದಲೇ. 1910ರ ಡಿಸೆಂಬರ್‌ನಲ್ಲಿ ನಾಲ್ಕು ಜನ ಪೊಲೀಸರ ಒಂದು ತಂಡ ನಾಯಿಬಂಡಿ ಕಟ್ಟಿಕೊಂಡು ಫೋರ್ಟ್ ಮೆಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟಿತು. ಬೇಗ ಮುಟ್ಟಬೇಕು ಅಂತ ಊಟದ ಸಾಮಾನು ಕಡಿಮೆ ತೆಗೆದುಕೊಂಡಿದ್ದರು. ಸ್ವಲ್ಪ ದೂರ ದಾರಿ ತೋರಿಸಿದ ಗ್ವಿಚಿನ್ ಜನಾಂಗದ ಮನುಷ್ಯನನ್ನು ವಾಪಸ್ ಕಳಿಸಿಬಿಟ್ಟರು. ಮುಂದೆ ತಿರುಗಬೇಕಾದ ಹಳ್ಳ ಯಾವುದು ಅಂತಲೇ ಸಿಗಲಿಲ್ಲ. ನಾಲ್ವರೂ ಸತ್ತರು. 1911ರ ಮಾರ್ಚ್‌ನಲ್ಲಿ ಅವರನ್ನು ಹುಡುಕಿದ ತಂಡದ ಮುಖ್ಯಸ್ಥನೇ ವಿಲಿಯಂ ಡೆಂಪ್‌ಸ್ಟರ್. ಸತ್ತ ನಾಲ್ವರ ಸಮಾಧಿ ಫೋರ್ಟ್ ಮೆಕ್‌ಫರ್ಸನ್‌ನಲ್ಲಿದೆ, ಹೋದಾಗ ನಿಂತು ನೋಡಿ.

ಗಾಡಿ ಯಾರದ್ದು?

ಸ್ವಂತ ಗಾಡಿಯಾದರೆ ಆಯಿಲ್, ಬ್ರೇಕ್, ಬ್ಯಾಟರಿ ಎಲ್ಲ ಮುಂಚೆಯೇ ನೋಡಿಸಿ. ವೈಟ್‌ಹಾರ್ಸ್‌ಗೆ ವಿಮಾನದಲ್ಲಿ ಹೋಗಿ ಬಾಡಿಗೆ ಗಾಡಿ ಹಿಡಿಯುವವರು ಕರಾರನ್ನು ಪೂರ್ತಿ ಓದಿ. ಜಲ್ಲಿ ರಸ್ತೆಗೆ ಒಯ್ಯಬಾರದು ಅಂತ ಬಹಳ ಕಡೆ ಬರೆದಿರುತ್ತಾರೆ, ಒಯ್ದರೆ ಇನ್ಶೂರೆನ್ಸ್ ಸಿಗುವುದಿಲ್ಲ. ಡೆಂಪ್‌ಸ್ಟರ್‌ಗೆ ಹೋಗುತ್ತೇವೆ ಅಂತ ಬಾಯಿಬಿಟ್ಟು ಹೇಳಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ. ಮುಂದಿನ ಗಾಜಿಗೂ ಇನ್ಶೂರೆನ್ಸ್ ಇದೆಯಾ ಕೇಳಿ.

ಟಯರ್: ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ

ಇಲ್ಲಿ ನೆಲದಡಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗಿದರೆ ರಸ್ತೆ ಕುಸಿಯುತ್ತದೆ. ಹಾಗಾಗಿ ದಪ್ಪವಾಗಿ ಜಲ್ಲಿ ಪೇರಿಸಿ, ಅದರ ಮೇಲೆ ರಸ್ತೆ ಮಾಡಿದ್ದಾರೆ. ಕೆಲವು ಕಡೆ ಹಾಕಿರುವುದು ಪದರ ಪದರವಾಗಿ ಒಡೆಯುವ ಕಲ್ಲು, ಅದರ ಅಂಚು ಬಹಳ ಚೂಪು. ಪಂಕ್ಚರ್ ಆಗದೆ ಹೋಗಿ ಬಂದರೆ ಅದೃಷ್ಟ ಅಂದುಕೊಳ್ಳಿ.

ಗಾಡಿ ಜೊತೆ ಬರುವ ತೆಳ್ಳಗಿನ ಸಣ್ಣ ಸ್ಟೆಪ್ನಿ ಇಲ್ಲಿ ಪ್ರಯೋಜನವಿಲ್ಲ. ಪೂರ್ತಿ ಅಳತೆಯ ಸ್ಟೆಪ್ನಿ ಬೇಕು, ಸಾಧ್ಯವಾದರೆ ಎರಡು. ಜೊತೆಗೆ ಪಂಕ್ಚರ್ ಕಿಟ್, ಬ್ಯಾಟರಿಗೆ ಹಾಕಿ ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಗಾಳಿ ನೋಡುವ ಗೇಜ್, ಒಳ್ಳೆ ಜಾಕ್, ಉದ್ದ ಹಿಡಿಯ ವೀಲ್ ಸ್ಪ್ಯಾನರ್. ಒಂದು ಚಪ್ಪಟೆ ಹಲಗೆಯನ್ನೂ ಹಾಕಿಕೊಳ್ಳಿ, ಒಂದೂವರೆ ಇಂಚು ದಪ್ಪ ಇದ್ದರೆ ಸಾಕು. ಹಲಗೆ ಇಲ್ಲದೆ ಜಾಕ್ ಹಾಕಿದರೆ ಗಾಡಿ ಮೇಲೇಳುವ ಬದಲು ಜಾಕೇ ಜಲ್ಲಿಯೊಳಗೆ ಇಳಿಯುತ್ತದೆ.

ಹೊರಡುವ ಮುಂಚೆ ಮನೆ ಮುಂದೆ ಒಂದು ಸಲ ಚಕ್ರ ಬದಲಾಯಿಸಿ ನೋಡಿ. ನಟ್ ಮೊದಲು ಸಡಿಲ ಮಾಡಿ, ಆಮೇಲೆ ಜಾಕ್ ಎತ್ತಿ. ಗ್ಯಾರೇಜ್‌ನವರು ಮಷೀನಲ್ಲಿ ಬಿಗಿ ಮಾಡಿರುತ್ತಾರೆ, ಕೈಯಲ್ಲಿ ಬಿಚ್ಚಲು ಆಗುತ್ತದಾ ಅಂತ ಅಲ್ಲೇ ಗೊತ್ತಾಗಬೇಕು. ತೂತು ಟಯರಿನ ನಡುಭಾಗದಲ್ಲಿದ್ದರೆ ಚಕ್ರ ಬಿಚ್ಚುವುದೂ ಬೇಡ. ಕಲ್ಲು ಚುಚ್ಚಿರುವ ಜಾಗ ಗುರುತು ಮಾಡಿ, ಕಿಟ್‌ನಲ್ಲಿರುವ ಒರಟು ಸೂಜಿಯಿಂದ ತೂತನ್ನು ಉಜ್ಜಿ ದೊಡ್ಡದು ಮಾಡಿ, ಅಂಟು ದಾರವನ್ನು ಇನ್ನೊಂದು ಸೂಜಿಗೆ ಪೋಣಿಸಿ ಒಳಗೆ ತಳ್ಳಿ. ತುದಿಗಳು ಅರ್ಧ ಇಂಚು ಹೊರಗಿರುವಾಗ ಸೂಜಿಯನ್ನು ಜೋರಾಗಿ ಎಳೆಯಿರಿ, ದಾರ ಒಳಗೇ ಉಳಿಯುತ್ತದೆ. ಗಾಳಿ ತುಂಬಿ ಮೇಲೆ ಸ್ವಲ್ಪ ನೀರು ಹಾಕಿ, ಗುಳ್ಳೆ ಬರದಿದ್ದರೆ ಆಯಿತು. ಟಯರಿನ ಪಕ್ಕದ ಗೋಡೆ ಹರಿದಿದ್ದರೆ ಮಾತ್ರ ಇದು ನಡೆಯುವುದಿಲ್ಲ, ಸ್ಟೆಪ್ನಿಯೇ ಗತಿ.

ಪೆಟ್ರೋಲ್

ಡೆಂಪ್‌ಸ್ಟರ್ ಶುರುವಾದ ಮೇಲೆ ಮೊದಲ ಬಂಕ್ ಇರುವುದು ಈಗಲ್ ಪ್ಲೇನ್ಸ್‌ನಲ್ಲಿ, 369ನೇ ಕಿ.ಮೀ.ಗೆ. ಬೆಂಗಳೂರಲ್ಲಿ ಟ್ಯಾಂಕ್ ತುಂಬಿಸಿ ಹೊರಟರೆ ಹಾವೇರಿ ದಾಟುವವರೆಗೆ ಒಂದೂ ಬಂಕ್ ಇಲ್ಲ ಅಂದುಕೊಳ್ಳಿ. ಈಗಲ್ ಪ್ಲೇನ್ಸ್‌ನಿಂದ ಫೋರ್ಟ್ ಮೆಕ್‌ಫರ್ಸನ್ ಸುಮಾರು 180 ಕಿ.ಮೀ., ಅಲ್ಲಿಂದ ಇನುವಿಕ್ ಮತ್ತೆ ಅಷ್ಟೇ. ಜಲ್ಲಿ ರಸ್ತೆಯಲ್ಲಿ ಮೈಲೇಜ್ ಇಳಿಯುತ್ತದೆ, ಟೂಂಬ್‌ಸ್ಟೋನ್ ನೋಡುವುದಕ್ಕೆ ಅಲ್ಲಲ್ಲಿ ಓಡಾಡಿದ್ದೂ ಸೇರುತ್ತದೆ. ಇಪ್ಪತ್ತು ಲೀಟರ್ ಕ್ಯಾನ್ ಒಂದು ಜೊತೆಗಿರಲಿ. ಗಾಡಿಯೊಳಗೆ ಇಡಬೇಡಿ, ವಾಸನೆಗೆ ತಲೆ ಸುತ್ತುತ್ತದೆ, ಅಪಾಯ ಕೂಡ. ಮೇಲೆ ಅಥವಾ ಹಿಂದೆ ಕ್ಯಾರಿಯರ್‌ಗೆ ಕಟ್ಟಿ, ಕಂಠಪೂರ್ತಿ ತುಂಬಿಸಬೇಡಿ. ಬಂಕ್ ಸಿಕ್ಕಾಗೆಲ್ಲ ಟ್ಯಾಂಕ್ ತುಂಬಿಸಿ, ಅರ್ಧ ಇದೆಯಲ್ಲ ಅಂತ ಮುಂದೆ ಹೋಗಬೇಡಿ.

ಊಟ, ಕರಡಿ, ಸೊಳ್ಳೆ

ಊಟದ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡಬೇಕಾದ್ದು ಕಡಿಮೆ. ಅವಲಕ್ಕಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಂಥ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಒಂದಕ್ಕೆರಡು ಪಟ್ಟು ನೀರು ಮತ್ತು ಮೂರು ದಿನಕ್ಕೆ ಆಗುವಷ್ಟು ಹೆಚ್ಚಿನ ಊಟ ಇಟ್ಟುಕೊಳ್ಳಿ. ಆದರೆ ಟೆಂಟ್ ಹಾಕುವವರು ಒಗ್ಗರಣೆ ಟೆಂಟಿನ ಹತ್ತಿರ ಮಾಡಬೇಡಿ. ಇದು ಗ್ರಿಜ್ಲಿ ಕರಡಿಗಳ ಜಾಗ, ಅವುಗಳ ಮೂಗು ಬಹಳ ಚುರುಕು. ಅಡುಗೆ ದೂರದಲ್ಲಿ ಮಾಡಿ, ಪಾತ್ರೆ ತೊಳೆದು, ಉಳಿದ ಊಟ, ಕಸ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆವರೆಗೆ ಎಲ್ಲವನ್ನೂ ಗಾಡಿಯೊಳಗಿಟ್ಟು ಲಾಕ್ ಮಾಡಿ. ಕರಡಿ ಮೈಮೇಲೆ ಬಂದರೆ ಅದರ ಮುಖಕ್ಕೆ ಹೊಡೆಯುವ ಖಾರದ ಕರಡಿ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ವೈಟ್‌ಹಾರ್ಸ್‌ನಲ್ಲೇ ಕೊಳ್ಳಿ. ಅದು ಇರಬೇಕಾದ್ದು ಸೊಂಟದಲ್ಲಿ, ಬ್ಯಾಗಿನ ತಳದಲ್ಲಿ ಅಲ್ಲ. ಸೊಳ್ಳೆಗೆ ತಲೆಯ ಮೇಲಿಂದ ಹಾಕಿಕೊಳ್ಳುವ ಬಲೆ ಟೋಪಿ ತೆಗೆದುಕೊಳ್ಳಿ, ನೋಡುವುದಕ್ಕೆ ಹೇಗಾದರೂ ಇರಲಿ.

ಹೊರಡುವ ದಿನ

ಯುಕಾನ್‌ನಲ್ಲಿ ರಸ್ತೆ ಹೇಗಿದೆ ಅಂತ 511ಗೆ ಫೋನ್ ಮಾಡಿದರೆ ತಿಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ವಾಪಸ್ ಬರುತ್ತಿರುವ ಲಾರಿ ಡ್ರೈವರ್‌ಗಳನ್ನು ಬಂಕ್‌ನಲ್ಲಿ ಕೇಳುವುದು. ಇವತ್ತು ಬೆಳಿಗ್ಗೆ ಯಾವ ತಿರುವಲ್ಲಿ ಕೆಸರಿದೆ ಅಂತ ಅವರಿಗೆ ಗೊತ್ತು. ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಉಪಕರಣ ಬಾಡಿಗೆಗಾದರೂ ತೆಗೆದುಕೊಳ್ಳಿ. ಯಾವ ದಿನ ಎಲ್ಲಿರುತ್ತೀರಿ, ಎಷ್ಟು ಹೊತ್ತು ಸುದ್ದಿ ಬರದಿದ್ದರೆ ಪೊಲೀಸರಿಗೆ ಹೇಳಬೇಕು ಅನ್ನುವುದನ್ನು ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ. ಊರಲ್ಲಿರುವ ಅಪ್ಪ ಅಮ್ಮನಿಗೂ ನಾಲ್ಕೈದು ದಿನ ಫೋನ್ ಸಿಗಲ್ಲ ಅಂತ ಮುಂಚೆಯೇ ಹೇಳಿಬಿಡಿ, ಸುಮ್ನೆ ಗಾಬರಿಯಾಗುತ್ತಾರೆ.

ರಸ್ತೆಯ ಮೇಲೆ

ಹಗಲಲ್ಲೂ ಲೈಟ್ ಹಾಕಿರಿ. ಎದುರಿಗೆ ಲಾರಿ ಬಂದರೆ ವೇಗ ಪೂರ್ತಿ ಇಳಿಸಿ ಬಲಕ್ಕೆ ಸರಿಯಿರಿ. ಕಲ್ಲು ಹಾರಿ ಗಾಜು ಒಡೆಯುವುದು ಇಬ್ಬರ ವೇಗವೂ ಸೇರಿ, ನಿಮ್ಮದು ಕಡಿಮೆಯಾದರೆ ಪೆಟ್ಟೂ ಕಡಿಮೆ. ತೀರ ಅಂಚಿಗೆ ಹೋಗಬೇಡಿ, ಅಲ್ಲಿ ಮಣ್ಣು ಮೆತ್ತಗಿರುತ್ತದೆ. ಕೆಲವು ಕಡೆ ರಸ್ತೆ ಇದ್ದಕ್ಕಿದ್ದ ಹಾಗೆ ಅಗಲವಾಗುತ್ತದೆ, ಅದು ತುರ್ತಿಗೆ ವಿಮಾನ ಇಳಿಯುವ ಜಾಗ, ಗಾಡಿ ನಿಲ್ಲಿಸಬೇಡಿ. ಯುಕಾನ್ ಗಡಿ ದಾಟಿ ಪಕ್ಕದ ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ಹೋದಾಗ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಫೆರ್ರಿ ಹೊತ್ತಿಗೆ ಅದನ್ನು ನೆನಪಿಡಿ.

ಧೂಳು ಏಳದಿರಲಿ ಅಂತ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಮಳೆ ಬಿದ್ದರೆ ಅದು ಜಾರುತ್ತದೆ, ಕೆಸರಿನ ಜೊತೆ ಗಾಡಿಗೆ ಮೆತ್ತಿ ಒಣಗಿದರೆ ಗಟ್ಟಿಯಾಗಿ ಕಚ್ಚಿಕೊಂಡು ತುಕ್ಕು ಹಿಡಿಸುತ್ತದೆ. ಡಾಸನ್‌ಗೆ ಬಂದ ತಕ್ಷಣ ಗಾಡಿಯ ಅಡಿಭಾಗ, ರೇಡಿಯೇಟರ್, ಚಕ್ರದ ಒಳಬದಿ ಚೆನ್ನಾಗಿ ತೊಳೆಸಿ. ಚಕ್ರದೊಳಗೆ ಕೆಸರು ಉಳಿದರೆ ಡಾಂಬರು ರಸ್ತೆಯಲ್ಲಿ ವೇಗ ಹಿಡಿದ ಕೂಡಲೇ ಸ್ಟಿಯರಿಂಗ್ ನಡುಗುತ್ತದೆ. ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಮನೆಗೆ ಫೋನ್ ಮಾಡಿ ಬಂದೆವು ಅಂತ ಹೇಳಿ, ಆಮೇಲೆ ವೈಟ್‌ಹಾರ್ಸ್ ದಾರಿ ಹಿಡಿಯಿರಿ.