ಸುತ್ತಿದ್ದನ್ನು ಬರೆದಿಡುವ ಬಗೆ

ಕಾಲಿನಲ್ಲಿ ಚಕ್ರವಿದೆ ಎನ್ನಿಸಿಕೊಂಡವರ ಬಳಿ ಸಾವಿರಾರು ಫೋಟೊಗಳಿರುತ್ತವೆ, ಒಂದು ಡಬ್ಬಿಯ ತುಂಬ ಹಳೆಯ ಟಿಕೆಟ್‌ಗಳಿರುತ್ತವೆ; ಆದರೆ ಹತ್ತು ವರ್ಷಗಳ ಹಿಂದಿನ ಪ್ರಯಾಣವೊಂದರ ಮೂರನೆಯ ದಿನ ಏನಾಯಿತು ಎಂದು ಕೇಳಿದರೆ ಅವರು ತಡವರಿಸುತ್ತಾರೆ. ನಾನೂ ಬಹುಕಾಲ ಹಾಗೆಯೇ ಇದ್ದೆ. ಪ್ರವಾಸದ ನೆನಪುಗಳನ್ನು ಬರಹವಾಗಿಸಲು ಹಲವು ತಪ್ಪುಗಳನ್ನು ಮಾಡಿದ ಮೇಲೆ ನನಗೆ ಒದಗಿದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಅದರ ತಿರುಳು ಇಷ್ಟೇ: ಊರನ್ನು ಬರೆಯಲು ಹೊರಡಬೇಡಿ, ಆ ಊರಿನಲ್ಲಿ ನೀವು ಕಳೆದ ಹೊತ್ತನ್ನು ಬರೆಯಿರಿ. ಊರಿನ ವಿವರಗಳು ನೂರು ಕಡೆ ಸಿಗುತ್ತವೆ. ಆ ಹೊತ್ತು ನಿಮ್ಮ ಬಳಿ ಮಾತ್ರ ಇರುತ್ತದೆ, ಅದೂ ಹೆಚ್ಚು ದಿನ ನಿಲ್ಲುವುದಿಲ್ಲ.

ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ ಒಂದು ಅಳತೆ ಉಂಟು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಲೆಕ್ಕ ಹಾಕಿ 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೇ ಜಾರಿಹೋಗಿತ್ತು. ಒಂದು ದಿನದ ಬಳಿಕ ಸುಮಾರು ಮೂರನೇ ಒಂದು ಪಾಲು ಉಳಿದಿತ್ತು. ಕಣ್ಣಾರೆ ಕಂಡ ಕಣಿವೆ ಅರ್ಥವಿಲ್ಲದ ಅಕ್ಷರಗಳಂತಲ್ಲ, ಅದು ಇನ್ನಷ್ಟು ಕಾಲ ಉಳಿಯುತ್ತದೆ. ಆದರೆ ಕಣಿವೆಯ ಅಂಚಿನಲ್ಲಿ ಕುಳಿತಿದ್ದಾಗ ಪಕ್ಕದವರು ಆಡಿದ ಮಾತು, ಗಾಳಿ ದಿಕ್ಕು ಬದಲಿಸಿದ ಕ್ಷಣ, ಚಪ್ಪಲಿ ಕಿತ್ತುಹೋದ ಗಳಿಗೆ, ಇವೆಲ್ಲ ಆ ಅಕ್ಷರಗಳಷ್ಟೇ ಬೇಗ ಮಾಯವಾಗುತ್ತವೆ. ಬರಹಕ್ಕೆ ಬೇಕಾದದ್ದು ಇವೇ. ಆದ್ದರಿಂದ ಮೊದಲ ಟಿಪ್ಪಣಿ ಅಂದೇ ಆಗಬೇಕು, ಸಾಧ್ಯವಾದರೆ ನಿಂತ ಜಾಗದಲ್ಲೇ ಆಗಬೇಕು.

ಇದಕ್ಕೆ ಎರಡು ಪುಸ್ತಕಗಳ ಪದ್ಧತಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ತಿರುಗಿದ ಚಾರ್ಲ್ಸ್ ಡಾರ್ವಿನ್ ದಡಕ್ಕಿಳಿದಾಗಲೆಲ್ಲ ಸಣ್ಣ ಪುಸ್ತಕವೊಂದರಲ್ಲಿ, ಹೆಚ್ಚಾಗಿ ಪೆನ್ಸಿಲಿನಿಂದ, ಅರೆಬರೆ ವಾಕ್ಯಗಳನ್ನು ಗೀಚಿಕೊಳ್ಳುತ್ತಿದ್ದ. ಅಂಥ 15 ಪುಸ್ತಕಗಳಲ್ಲಿ ಹೆಚ್ಚಿನವು ಇಂದಿಗೂ ಉಳಿದಿವೆ. ಆ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಬಿಡುವಿನಲ್ಲಿ ದಿನಚರಿಯನ್ನು ವಿಸ್ತಾರವಾಗಿ ಬರೆಯುತ್ತಿದ್ದ. ನೀವೂ ಹಾಗೆಯೇ ಮಾಡಿರಿ. ಜೇಬಿನ ಪುಸ್ತಕದಲ್ಲಿ ವ್ಯಾಕರಣ ಬೇಡ, ಅಂದಚೆಂದ ಬೇಡ. ಪೆನ್ಸಿಲ್ ಏಕೆಂದರೆ ಮಳೆಯಲ್ಲಿ ನೆನೆದರೂ ಅದರ ಬರಹ ಹರಡುವುದಿಲ್ಲ, ಕೊರೆಯುವ ಚಳಿಯಲ್ಲಿಯೂ ಅದು ಕೈಕೊಡುವುದಿಲ್ಲ. ಮೊಬೈಲಿನಲ್ಲಿ ಬರೆಯುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಟಿಪ್ಪಣಿಗೆಂದು ಕೈಗೆತ್ತಿಕೊಂಡ ಮೊಬೈಲು ಹತ್ತು ನಿಮಿಷ ಬೇರೇನನ್ನೋ ತೋರಿಸಿ ಕಳುಹಿಸುವುದು ನನ್ನೊಬ್ಬನ ಅನುಭವವಾಗಿರಲಾರದು.

ಪ್ರತಿ ಪುಟದ ನೆತ್ತಿಯ ಮೇಲೆ ಸ್ಥಳ, ದಿನಾಂಕ ಮತ್ತು ಹೊತ್ತನ್ನು ತಪ್ಪದೆ ಬರೆಯಿರಿ. ನೆನಪಿರುತ್ತದೆ ಬಿಡು ಎಂಬ ಧೈರ್ಯ ಡಾರ್ವಿನ್ನನಿಗೂ ಮೋಸ ಮಾಡಿತು. 1835ರಲ್ಲಿ ಗ್ಯಾಲಪಗೋಸ್ ದ್ವೀಪಗಳಲ್ಲಿ ಹಿಡಿದ ಫಿಂಚ್ ಹಕ್ಕಿಗಳಲ್ಲಿ ಬಹುಪಾಲು ಯಾವ ದ್ವೀಪದವು ಎಂಬುದನ್ನು ಅವನು ಬರೆದಿಡಲಿಲ್ಲ. ಅದೇ ಮುಖ್ಯವಾದ ಸಂಗತಿ ಎಂದು ಊರಿಗೆ ಮರಳಿದ ಮೇಲೆ ತಿಳಿದಾಗ, ಕ್ಯಾಪ್ಟನ್ ಫಿಟ್ಜ್‌ರಾಯ್ ಸೇರಿದಂತೆ ಹಡಗಿನ ಇತರರು ತಂದಿದ್ದ ಹಕ್ಕಿಗಳ ವಿವರಗಳ ಮೊರೆಹೋಗಬೇಕಾಯಿತು. ಯಾವ ವಿವರ ಮುಂದೆ ಬೆಲೆಬಾಳುತ್ತದೆ ಎಂಬುದು ಅಲ್ಲಿ ನಿಂತಿರುವಾಗ ಯಾರಿಗೂ ಹೊಳೆಯುವುದಿಲ್ಲ.

ಏನನ್ನು ಬರೆದುಕೊಳ್ಳಬೇಕು? ಕಣ್ಣಿಗೆ ಕಂಡದ್ದನ್ನು ಕ್ಯಾಮೆರಾ ಹೇಗೂ ಹಿಡಿಯುತ್ತದೆಯಾದ್ದರಿಂದ ಅದಕ್ಕೆ ದಕ್ಕದ್ದನ್ನು ಬರೆದುಕೊಳ್ಳಿರಿ: ಶಬ್ದ, ವಾಸನೆ, ಕಾಲಡಿಯ ನೆಲದ ಗುಣ, ಕಾಯುತ್ತ ಕುಳಿತ ಹೊತ್ತು, ಬೇಸರ, ಕಿವಿಗೆ ಬಿದ್ದ ಮಾತು. ವಾಸನೆಗೆ ಇವುಗಳಲ್ಲಿ ವಿಶೇಷ ಸ್ಥಾನವಿದೆ. ಉಳಿದ ಇಂದ್ರಿಯಗಳ ಸಂಕೇತಗಳು ಮಿದುಳಿನ ಥಲಾಮಸ್ ಎಂಬ ಭಾಗದ ಮೂಲಕ ಹಾದುಹೋದರೆ, ವಾಸನೆಯ ಸಂಕೇತಗಳು ಆ ಬಳಸುದಾರಿಯಿಲ್ಲದೆ ಭಾವನೆ ಮತ್ತು ನೆನಪಿನ ನೆಲೆಗಳನ್ನು ಮುಟ್ಟುತ್ತವೆ. ಆದರೆ ವಾಸನೆಗೆ ಪದಗಳು ಕಡಿಮೆ. ‘ವಿಚಿತ್ರ ವಾಸನೆ’ ಎಂದು ಬರೆದರೆ ಮರುವರ್ಷ ಅದು ನಿಮಗೇ ಅರ್ಥವಾಗದು. ‘ಒದ್ದೆ ಗೋಣಿಚೀಲ, ಅದರೊಳಗೆ ಸ್ವಲ್ಪ ಸೀಮೆಎಣ್ಣೆ’ ಎಂದು ಬರೆದರೆ ಆ ಓಣಿ ಮರಳಿ ಬರುತ್ತದೆ. ಕೇಳಿದ ಮಾತನ್ನು ಆಡಿದವರ ಧಾಟಿಯಲ್ಲಿಯೇ ಬರೆದುಕೊಳ್ಳಬೇಕು, ನಿಮ್ಮ ಭಾಷೆಗೆ ತಿದ್ದಬಾರದು. ದಿನಕ್ಕೆ ಐದಾರು ಸಾಲು ಸಾಕು. ಹೆಚ್ಚು ಬರೆಯಲು ಹೊರಟವರು ಮೂರನೆಯ ದಿನಕ್ಕೆ ಕೈಬಿಡುತ್ತಾರೆ.

ಫೋಟೊಗಳ ಬಗ್ಗೆ ಒಂದೆರಡು ಮಾತು. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದಲ್ಲಿ ಬರಿದೆ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳೇ ಜನರ ನೆನಪಿನಲ್ಲಿ ಕಡಿಮೆ ಉಳಿದಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನಷ್ಟೇ ಜೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. ಹಾಗಾಗಿ ಮೊದಲು ನೋಡಿ, ಆಮೇಲೆ ಕ್ಯಾಮೆರಾ ಎತ್ತಿ, ಎತ್ತಿದಾಗ ಒಂದು ವಿವರಕ್ಕೆ ಹತ್ತಿರ ಹೋಗಿ. ಬೇರೆ ಕಾಲವಲಯಕ್ಕೆ ಹೋದಾಗ ಮೊಬೈಲು ತಾನಾಗಿ ಹೊತ್ತು ಬದಲಿಸಿಕೊಂಡರೂ ಅನೇಕ ಕ್ಯಾಮೆರಾಗಳು ಬದಲಿಸಿಕೊಳ್ಳುವುದಿಲ್ಲ. ಅವುಗಳ ಗಡಿಯಾರವನ್ನು ಕೈಯಾರೆ ಸರಿಪಡಿಸದಿದ್ದರೆ ಮುಂಜಾವು ಸಂಜೆಯಾಗಿ ದಾಖಲಾಗುತ್ತದೆ. ಟಿಕೆಟ್‌ಗಳ ವಿಷಯದಲ್ಲಿಯೂ ಎಚ್ಚರ ಬೇಕು: ಶಾಖದಿಂದ ಮುದ್ರಿಸುವ ನುಣುಪು ಕಾಗದದ ಅಕ್ಷರಗಳು ಬೆಳಕಿಗೂ ಬಿಸಿಗೂ ಮಾಸಿಹೋಗುತ್ತವೆ. ಅವನ್ನು ಕಾಪಾಡುವ ಆಸೆಯಿಂದ ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಇಡೀ ಚೀಟಿ ಕಪ್ಪಾಗುತ್ತದೆ. ನಾನು ಹೀಗೆ ನಾಲ್ಕು ಚೀಟಿಗಳನ್ನು ಸುಟ್ಟುಕೊಂಡ ಮೇಲೆ, ತಂದ ದಿನವೇ ಫೋಟೊ ತೆಗೆದಿಡುವುದನ್ನು ರೂಢಿಸಿಕೊಂಡೆ.

ಬರೆದ ಪುಟಗಳ ಪ್ರತಿಯೂ ಇರಲಿ. 1325ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್‌ನಿಂದ ಹೊರಟ ಯಾತ್ರಿಕ ಇಬ್ನ್ ಬತೂತಾ, ಮಧ್ಯ ಏಷ್ಯಾದ ಬುಖಾರಾದ ಗೋರಿಗಳ ಮೇಲಿನ ಬರಹಗಳನ್ನು ನಕಲು ಮಾಡಿಕೊಂಡಿದ್ದಾಗಿಯೂ ಭಾರತದ ಕಡಲಿನಲ್ಲಿ ಕಳ್ಳರು ದೋಚಿದಾಗ ಅವು ಹೋದುವೆಂದೂ ಹೇಳಿಕೊಂಡಿದ್ದಾನೆ. ಸುಮಾರು 30 ವರ್ಷಗಳ ಅಲೆದಾಟವನ್ನು ಅವನು ಬಹುಪಾಲು ನೆನಪಿನಿಂದಲೇ ಇಬ್ನ್ ಜುಝೈ ಎಂಬ ವಿದ್ವಾಂಸನಿಗೆ ಹೇಳಿ ಬರೆಯಿಸಿದ. ಆ ಬರಹದಲ್ಲಿ ದಾರಿಗಳು ಹಿಂದುಮುಂದಾಗಿರುವುದನ್ನೂ ಹಿಂದಿನ ಯಾತ್ರಿಕರ ವರ್ಣನೆಗಳು ಸೇರಿಕೊಂಡಿರುವುದನ್ನೂ ವಿದ್ವಾಂಸರು ತೋರಿಸಿದ್ದಾರೆ. ಅದು ಸುಳ್ಳುಗಾರಿಕೆ ಎಂದು ನನಗೆ ಅನ್ನಿಸುವುದಿಲ್ಲ, ನೆನಪು ಕೆಲಸ ಮಾಡುವುದೇ ಹಾಗೆ. ಪ್ರತಿ ರಾತ್ರಿ ಪುಟದ ಒಂದು ಫೋಟೊ ತೆಗೆದು ಬೇರೆಡೆ ಕಳುಹಿಸಿಟ್ಟರೆ ನಮಗೆ ಆ ಪಾಡು ಬರುವುದಿಲ್ಲ.

ಮರಳಿ ಬಂದ ಮೇಲೆ ಎರಡನೆಯ ಬರವಣಿಗೆಗೆ ಆತುರ ಬೇಡ. ಎರಡು ಮೂರು ವಾರ ಬಿಟ್ಟು ಕುಳಿತುಕೊಳ್ಳಿ. ಮೊದಲು ಟಿಪ್ಪಣಿಯನ್ನು ತೆರೆಯದೆ, ತಾನಾಗಿ ಮೇಲೆದ್ದು ಬರುವ ಒಂದು ದೃಶ್ಯವನ್ನು ಬರೆಯಿರಿ. ಬಳಿಕ ಟಿಪ್ಪಣಿ ತೆರೆದು ಹೋಲಿಸಿ ನೋಡಿ. ನೆನಪು ದೊಡ್ಡದಾಗಿಸಿದ್ದು, ಬಿಟ್ಟುಬಿಟ್ಟದ್ದು ಎರಡೂ ಅಲ್ಲಿ ಕಾಣುತ್ತವೆ, ಮತ್ತು ಹಲವು ಬಾರಿ ಆ ಅಂತರದಲ್ಲಿಯೇ ಬರಹದ ವಿಷಯವಿರುತ್ತದೆ. ‘ಬೆಳಿಗ್ಗೆ ಆರು ಗಂಟೆಗೆ ಹೊರಟೆವು’ ಎಂದು ಆರಂಭಿಸುವ ಚಟವನ್ನು ಬಿಡಬೇಕು. ಆರು ಗಂಟೆಗೆ ಎಲ್ಲರೂ ಹೊರಡುತ್ತಾರೆ. ಆ ದೃಶ್ಯದಿಂದಲೇ ಆರಂಭಿಸಿ, ಅದಕ್ಕೆ ಬೇಕಾದಷ್ಟೇ ಹಿಂದಿನದನ್ನು ಸೇರಿಸಿ. ರಮಣೀಯ, ನಯನಮನೋಹರ, ಭೂಲೋಕದ ಸ್ವರ್ಗ, ಪ್ರಕೃತಿಮಾತೆಯ ಮಡಿಲು ಎಂಬ ಮಾತುಗಳನ್ನು ಹೊಡೆದುಹಾಕಿ, ಹೊಡೆದ ಜಾಗದಲ್ಲಿ ನೀವು ನಿಜಕ್ಕೂ ಕಂಡದ್ದೇನೆಂದು ಕೇಳಿಕೊಳ್ಳಿ. ಚರಿತ್ರೆಯ ಸಂಗತಿಯನ್ನು ಅದು ನಿಮ್ಮ ನೋಟವನ್ನು ಬದಲಿಸಿದ್ದರೆ ಮಾತ್ರ ತನ್ನಿರಿ. ದಾರಿಯಲ್ಲಿ ಸಿಕ್ಕವರ ಹೆಸರು, ಗುರುತುಗಳನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ.

ಇನ್ನು ತಿರುಗಾಟದ ಹಂಬಲದ ಮಾತು. ಅದರ ವರ್ಣನೆಯಲ್ಲಿ ಉತ್ಸಾಹ ಬೇಗ ಹಳಸುತ್ತದೆ. ಎಲ್ಲಿಗೋ ಹೋಗಬೇಕು ಎಂಬ ತಹತಹದ ಜೊತೆಗೇ ಅಲ್ಲಿ ಇಳಿದ ರಾತ್ರಿ ಮನೆಯ ಹಾಸಿಗೆ ನೆನಪಾಗಿ ಕಣ್ಣು ತುಂಬಿದ್ದನ್ನೂ ಬರೆದರೆ ಓದುವವರು ನಂಬುತ್ತಾರೆ. ಜೊತೆಗಾರರೊಂದಿಗೆ ಆದ ಜಗಳವನ್ನೂ ಸೇರಿಸಿ, ತಪ್ಪು ನಿಮ್ಮದಾಗಿದ್ದರೆ ತಪ್ಪದೆ ಸೇರಿಸಿ.

ಕೆಲವು ವರ್ಷಗಳ ನಂತರ ಅದೇ ಜಾಗಕ್ಕೆ ಮತ್ತೆ ಹೋಗುವ ಯೋಗ ಬಂದರೆ ಹಳೆಯ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಆದರೆ ಅಂದಿನ ಐದಾರು ಸಾಲು ಬರೆದು ಮುಗಿಸುವವರೆಗೆ ಅದನ್ನು ತೆರೆಯಬೇಡಿ. ಒಮ್ಮೆ ನಾನು ಹೀಗೆ ಮಾಡಿದಾಗ, ಹನ್ನೆರಡು ವರ್ಷ ನನ್ನ ಮನಸ್ಸಿನಲ್ಲಿ ಬೆಟ್ಟದ ಎಡಕ್ಕೆ ಹರಿಯುತ್ತಿದ್ದ ಹೊಳೆ ಬಲಕ್ಕೆ ಹರಿಯುತ್ತಿತ್ತು. ಹಳೆಯ ಪುಟದಲ್ಲಿ ಪೆನ್ಸಿಲಿನಲ್ಲಿ ‘ಹೊಳೆ, ಬಲಕ್ಕೆ’ ಎಂದೇ ಇತ್ತು.