ಅಜ್ಜನ ಮಂಡಿ, ಕೂಸಿನ ನಿದ್ದೆ: ಮೂರು ತಲೆಮಾರು ಒಟ್ಟಿಗೆ ಕಡಲತೀರದ ರೆಸಾರ್ಟಿಗೆ ಹೊರಡುವ ಬಗೆ

ರೆಸಾರ್ಟ್ ಹುಡುಕಲು ಕೂತವರು ಮೊದಲು ನೋಡುವುದು ಫೋಟೊ. ಈಜುಕೊಳ, ತೆಂಗಿನ ಮರ, ಬಾಲ್ಕನಿಯಿಂದ ಕಾಣುವ ಕಡಲು. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಅಷ್ಟು ಸಾಕು. ಎಪ್ಪತ್ತೈದು ದಾಟಿದ ಅಪ್ಪ, ಸಕ್ಕರೆ ಕಾಯಿಲೆಯ ಅತ್ತೆ, ಅಕ್ಕ, ಭಾವ, ಮೊಬೈಲ್ ಬಿಡದ ಹೈಸ್ಕೂಲ್ ಹುಡುಗ, ಮಧ್ಯಾಹ್ನ ಮಲಗಲೇಬೇಕಾದ ಕೂಸು ಎಲ್ಲರೂ ಹೊರಟಾಗ ಫೋಟೊದಲ್ಲಿ ಕಾಣದ್ದೇ ಮುಖ್ಯವಾಗುತ್ತದೆ. ಗುಂಪಿನಲ್ಲಿ ತೀರ ನಿಧಾನ ನಡೆಯುವವರು ಯಾರೋ ಅವರಿಗೆ ಹೊಂದುವ ಜಾಗ ಆರಿಸಿ. ಉಳಿದವರು ಹೇಗೋ ಹೊಂದಿಕೊಳ್ಳುತ್ತಾರೆ. ಇಲ್ಲವಾದರೆ ಅಷ್ಟೂ ದಿನ ಅಜ್ಜಿ ರೂಮಿನಲ್ಲಿ ಟಿವಿ ನೋಡುತ್ತಾರೆ, ಜತೆಗೆ ಕಾವಲಿಗೆ ಒಬ್ಬ ಸೊಸೆ ಕೂರಬೇಕಾಗುತ್ತದೆ.

ತಿಂಗಳು ಗೊತ್ತು ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ರೂಮಿನ ದರ ಇಳಿಯುತ್ತದೆ. ಮಳೆ ನೋಡುತ್ತ ಬಜ್ಜಿ ತಿನ್ನುವುದೇ ಉದ್ದೇಶವಾದರೆ ಹೋಗಿ. ಆದರೆ ಆಗ ನೀರಿಗೆ ಇಳಿಯುವಂತಿಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ತಾಜಾ ಅಂಜಲ್ ಫ್ರೈ ಆಸೆಯಲ್ಲಿ ಬಂದ ಭಾವನಿಗೂ ನಿರಾಸೆ. ಏಪ್ರಿಲ್, ಮೇ ತಿಂಗಳ ಸೆಕೆ ವಯಸ್ಸಾದವರಿಗೆ ಆಗಿಬರುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಕ್ರಿಸ್ಮಸ್ ವಾರ ಬೇಡ, ದುಡ್ಡೂ ಜಾಸ್ತಿ, ಗದ್ದಲವೂ ಜಾಸ್ತಿ.

ಊರು ಆರಿಸುವಾಗ

ಗೋಕರ್ಣದ ಕುಡ್ಲೆ ಮತ್ತು ಓಂ ಬೀಚ್ ಚೆಂದ, ಎರಡು ಮಾತಿಲ್ಲ. ಆದರೆ ಸಾಮಾನ್ಯವಾಗಿ ವಾಹನ ಮೇಲೇ ನಿಲ್ಲುತ್ತದೆ, ತೀರಕ್ಕೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ನಗುವ ಮಂಡಿ ಹತ್ತುವಾಗ ಅಳುತ್ತದೆ. ಮಹಾಬಲೇಶ್ವರನ ದರ್ಶನ ಆಗಲೇಬೇಕು ಎನ್ನುವ ಹಿರಿಯರಿದ್ದರೆ ಊರೊಳಗೆ ಅಥವಾ ಸಮತಟ್ಟಾದ ದೊಡ್ಡ ಬೀಚಿನ ಕಡೆ ಉಳಿದುಕೊಳ್ಳಿ. ಹೊನ್ನಾವರ ಬಳಿಯ ಕಾಸರಕೋಡ ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಜೀವರಕ್ಷಕರು, ಶೌಚಾಲಯ ಇವೆಲ್ಲ ನೋಡಿ ಕೊಡುವ ಮಾನ್ಯತೆ ಅದು. ಮಕ್ಕಳು, ಮುದುಕರು ಇರುವ ಸಂಸಾರಕ್ಕೆ ಇಂಥ ತೀರವೇ ಹತ್ತಿರವಿರಲಿ. ಮುರ್ಡೇಶ್ವರದಲ್ಲಿ ಜನಜಂಗುಳಿ ಇದ್ದರೂ ಒಂದು ಅನುಕೂಲ: 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಮಂಡಿನೋವಿನ ಅಜ್ಜಿಯೂ ಮೇಲಿನಿಂದ ಶಿವನನ್ನೂ ಕಡಲನ್ನೂ ನೋಡಬಹುದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಸೊಗಸು, ಓಡುವ ವಯಸ್ಸಿನ ಮಕ್ಕಳಿದ್ದರೆ ಕೈ ಬಿಡುವಂತಿಲ್ಲ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಆಸ್ಪತ್ರೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ತುರ್ತು ಬಂದರೆ ಮಣಿಪಾಲ, ಮಂಗಳೂರು ಅಥವಾ ಗೋವಾ ದಾರಿ ಹಿಡಿಯಬೇಕು. ಹಿರಿಯರಿಗೆ ಈಚೆಗೆ ಸ್ಟೆಂಟ್ ಹಾಕಿದ್ದರೆ ಗೋಕರ್ಣದ ಆಸೆ ಬಿಟ್ಟು ಉಡುಪಿ ಸುತ್ತಮುತ್ತ ಇರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಬುಕ್ ಮಾಡುವ ಮುನ್ನ ಫೋನ್ ಮಾಡಿ

ಆ್ಯಪಿನಲ್ಲಿ ದರ ನೋಡಿ, ಆದರೆ ದುಡ್ಡು ಕಟ್ಟುವ ಮುಂಚೆ ರೆಸಾರ್ಟಿನವರ ಹತ್ತಿರ ಮಾತಾಡಿ. ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಊಟದ ಹಾಲಿಗೆ ಮೆಟ್ಟಿಲು ಇದೆಯಾ?’

‘ಇಲ್ಲ ಸರ್, ಹಾಗೇನೂ ಇಲ್ಲ. ಸ್ವಲ್ಪ ಅಷ್ಟೆ.’

‘ಸ್ವಲ್ಪ ಅಂದ್ರೆ ಎಷ್ಟು? ಎಣಿಸಿ ಹೇಳ್ತೀರಾ?’

‘ಒಂದು ನಿಮಿಷ ಸರ್... ಹದಿನೆಂಟು.’

ಈ ‘ಸ್ವಲ್ಪ’ವನ್ನು ಎಣಿಸಿಸುವುದೇ ಇಡೀ ತಯಾರಿಯ ಜೀವಾಳ. ಸಾಧ್ಯವಾದರೆ, ಕಾರು ನಿಲ್ಲುವ ಜಾಗದಿಂದ ರೂಮಿಗೆ, ರೂಮಿನಿಂದ ಊಟಕ್ಕೆ ನಡೆಯುತ್ತ ತೆಗೆದ ವಿಡಿಯೊ ವಾಟ್ಸ್‌ಆ್ಯಪ್ ಮಾಡಲು ಹೇಳಿ. ಕಳಿಸಲು ಬೇಸರಿಸುವ ಕಡೆ ಹೋಗಬೇಡಿ. ನೆಲ ಅಂತಸ್ತಿನ ರೂಮು, ವೆಸ್ಟರ್ನ್ ಕಮೋಡ್, ಗೋಡೆಗೆ ಹಿಡಿ, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು, ಬಕೆಟ್ಟು, ಚೊಂಬು ಇವನ್ನೂ ಕೇಳಿ. ಶವರ್ ಕೆಳಗೆ ನಿಂತು ಸ್ನಾನ ಮಾಡುವ ಅಭ್ಯಾಸ ನಮ್ಮ ಬಹುತೇಕ ಹಿರಿಯರಿಗಿಲ್ಲ, ಜಾರುವುದೂ ಅಲ್ಲೇ.

ರೂಮಿನ ಲೆಕ್ಕ

‘ಎಲ್ಲರೂ ಒಂದೇ ಕಡೆ ಇರೋಣ’ ಎಂದು ದೊಡ್ಡ ಫ್ಯಾಮಿಲಿ ಕಾಟೇಜ್ ಹಿಡಿಯುವವರುಂಟು. ಎರಡನೇ ರಾತ್ರಿಗೆ ಗೊರಕೆ, ಲೈಟು, ಎಸಿ ಎಲ್ಲ ಜಗಳದ ವಿಷಯವಾಗುತ್ತವೆ. ಅಕ್ಕಪಕ್ಕದ ರೂಮು, ನಡುವೆ ಬಾಗಿಲಿರುವ ಕನೆಕ್ಟಿಂಗ್ ರೂಮು ಸಿಕ್ಕರೆ ಇನ್ನೂ ಮೇಲು. ತೆರಿಗೆಯೂ ಇದನ್ನೇ ಹೇಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಬಾಡಿಗೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಿದ್ದರೆ ಶೇ 18. 15,000 ರೂಪಾಯಿಯ ಒಂದು ಕಾಟೇಜಿಗೆ 2,700 ರೂಪಾಯಿ ತೆರಿಗೆ ಬಿದ್ದರೆ, 7,000 ರೂಪಾಯಿಯ ಎರಡು ರೂಮಿಗೆ 700 ಮಾತ್ರ.

ದರದ ಪಕ್ಕ ಬರೆದಿರುವ ಅಕ್ಷರಗಳನ್ನೂ ಗಮನಿಸಿ. ಇಪಿ ಎಂದರೆ ರೂಮು ಮಾತ್ರ, ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿ, ಎಂಎಪಿ ಎಂದರೆ ತಿಂಡಿ ಜತೆಗೆ ಒಂದು ಊಟ, ಎಪಿ ಎಂದರೆ ಮೂರೂ ಹೊತ್ತು. ಅರ್ಧ ಇಡ್ಲಿ ತಿನ್ನುವ ಅಜ್ಜಿಗೆ ಎಪಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ, ಸಿಪಿ ಸಾಕು. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಉಚಿತ ಎಂಬುದು ಒಂದೊಂದು ಕಡೆ ಒಂದೊಂದು ರೀತಿ, ಕೇಳಿ ಬರೆಸಿಕೊಳ್ಳಿ.

ರೈಲು ಟಿಕೆಟ್

ಬೆಂಗಳೂರಿನಿಂದ ಹೊರಡುವವರಿಗೆ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಗಾಗುವಾಗ ಕರಾವಳಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಉಂಟು, ಆದರೆ ಟಿಕೆಟಿನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದಾಗ. ಮನೆಮಂದಿಯನ್ನೆಲ್ಲ ಒಂದೇ ಟಿಕೆಟಿಗೆ ತುಂಬಿದರೆ ಆ ಕೋಟಾ ಸಿಗುವುದಿಲ್ಲ, ಅಪ್ಪ ಅಪ್ಪರ್ ಬರ್ತ್ ಏರಬೇಕಾದೀತು. ಹಿರಿಯರಿಬ್ಬರಿಗೆ ಬೇರೆ ಟಿಕೆಟ್ ಮಾಡಿಸಿ.

ಬೆಳಿಗ್ಗೆ ಇಳಿದವರಿಗೆ ಮತ್ತೊಂದು ತೊಡಕು: ರೆಸಾರ್ಟಿನ ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ. ಎಲ್ಲ ರೂಮು ಬೇಗ ಕೊಡಿ ಎಂದರೆ ಒಪ್ಪುವುದಿಲ್ಲ. ‘ಒಂದು ರೂಮು ಮಾತ್ರ ಬೆಳಿಗ್ಗೆ ಬೇಕು, ವಯಸ್ಸಾದವರಿದ್ದಾರೆ’ ಎಂದು ಮೊದಲೇ ಹೇಳಿಟ್ಟರೆ ಎಷ್ಟೋ ಕಡೆ ಮಾಡಿಕೊಡುತ್ತಾರೆ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರ, ಗಾಡಿ ಮುಂಚಿತವಾಗಿ ಹೇಳಿಡಿ. ದೊಡ್ಡವರೆಲ್ಲರ ಗುರುತಿನ ಚೀಟಿ ಒಬ್ಬರ ಕೈಯಲ್ಲೇ ಇರಲಿ.

ಕಾಫಿ, ಊಟ

ಬಫೆ ತೆರೆಯುವುದು ಏಳೂವರೆಗೆ, ಮಾವ ಏಳುವುದು ಐದಕ್ಕೆ. ನಡುವಿನ ಎರಡೂವರೆ ಗಂಟೆ ಮನೆಯ ಶಾಂತಿಗೆ ನಿರ್ಣಾಯಕ. ರೂಮಿನ ಕೆಟಲು, ಪೊಟ್ಟಣದ ಪುಡಿ, ಹಾಲಿನಪುಡಿಯಲ್ಲಿ ಆಗುವುದನ್ನು ಅವರು ಕಾಫಿ ಎಂದು ಒಪ್ಪುವುದಿಲ್ಲ. ಸಣ್ಣ ಸ್ಟೀಲ್ ಫಿಲ್ಟರ್, ಪುಡಿ ಕಟ್ಟಿಕೊಂಡು ಹೋಗಿ, ರಾತ್ರಿಯೇ ಡಿಕಾಕ್ಷನ್ ಇಳಿಸಿಡಿ. ಹಾಲಿಗೆ ಅಡುಗೆಮನೆಯವರನ್ನು ಹಿಂದಿನ ದಿನವೇ ಕೇಳಿಟ್ಟರಾಯಿತು. ಸಕ್ಕರೆ ಕಾಯಿಲೆಯವರ ಕೈಚೀಲದಲ್ಲಿ ಬಿಸ್ಕತ್ತು ಇರಲಿ. ಬೀಚು ರೆಸಾರ್ಟುಗಳ ರಾತ್ರಿಯೂಟ ತಡ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿದ್ದರೆ ಬುಕಿಂಗ್ ದಿನವೇ ತಿಳಿಸಿ. ಬಫೆಯ ಪನೀರಿಗಿಂತ ಪೇಟೆಯ ಹೋಟೆಲಿನ ನೀರ್ ದೋಸೆ, ಬನ್ಸ್ ಎಲ್ಲ ತಲೆಮಾರಿಗೂ ಹಿಡಿಸುತ್ತದೆ.

ನೀರಿಗಿಳಿಯುವ ಮುನ್ನ

ಇಲ್ಲಿ ಮುಲಾಜು ಬೇಡ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲವೂ ಅಲ್ಲ. ಅಲೆಗಳು ಒಡೆಯುತ್ತಿರುವ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ, ಕಪ್ಪಾಗಿ ಕಂಡರೆ ಮಕ್ಕಳನ್ನು ಅಲ್ಲಿಗೇ ಇಳಿಸುತ್ತೇವೆ. ಸೆಳವು ಇರುವುದು ಬಹಳ ಸಲ ಅಲ್ಲೇ. ಅದು ಎಳೆದರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ದಡಕ್ಕೆ ಬರಬೇಕು. ಕೆಂಪು ಬಾವುಟವಿದ್ದರೆ, ಜೀವರಕ್ಷಕರು ಬೇಡ ಎಂದರೆ ವಾದ ಹಾಕಬೇಡಿ. ಪ್ರತಿ ಮಗುವಿಗೂ ಒಬ್ಬ ದೊಡ್ಡವರನ್ನು ಹೆಸರು ಹೇಳಿ ನೇಮಿಸಿ. ‘ಎಲ್ಲರೂ ನೋಡ್ಕೊಳ್ಳೋಣ’ ಎಂದರೆ ಯಾರೂ ನೋಡುವುದಿಲ್ಲ. ಕುಡಿದವರು ನೀರಿಗೂ ಬೇಡ, ಕಾವಲಿಗೂ ಬೇಡ.

ದಿನಕ್ಕೆ ಎಲ್ಲರೂ ಸೇರುವ ಒಂದೇ ಕೆಲಸ ಇಟ್ಟುಕೊಳ್ಳಿ, ಸಂಜೆ ಐದರ ನಂತರ ಮರಳಿನಲ್ಲಿ ಕೂರುವುದು. ಕೂರಲಾಗದವರಿಗೆ ರೆಸಾರ್ಟಿನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ಹೊರಿಸಿ. ಉಳಿದ ಹೊತ್ತು ಅವರವರ ಪಾಡಿಗೆ ಬಿಡಿ.

ಬಿಲ್ಲು

ಯಾರು ಎಷ್ಟು ಎಂಬುದು ಮನೆಯಲ್ಲೇ ತೀರ್ಮಾನವಾಗಲಿ. ರಿಸೆಪ್ಷನ್ನಿನಲ್ಲಿ ಅಪ್ಪನ ಎದುರು ಅಣ್ಣತಮ್ಮಂದಿರು ಮೊಬೈಲ್ ತೆಗೆದು ಭಾಗಿಸುವುದು ಚೆನ್ನಾಗಿ ಕಾಣುವುದಿಲ್ಲ. ಒಬ್ಬರು ಕಟ್ಟಿ, ಊರಿಗೆ ಬಂದ ಮೇಲೆ ಲೆಕ್ಕ ಹಾಕಿಕೊಳ್ಳಿ. ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ತರಿಸಿ ಓದಿ. ಲಾಂಡ್ರಿ, ರೂಮಿಗೆ ತರಿಸಿದ ಚಹಾ, ಮಕ್ಕಳು ಫ್ರಿಜ್ಜಿನಿಂದ ತೆಗೆದ ಚಾಕೊಲೇಟು ಎಲ್ಲ ಅದರಲ್ಲಿರುತ್ತದೆ. ವಾಪಸು ರೈಲು ಸಂಜೆಗಿದ್ದರೆ ಒಂದು ರೂಮನ್ನು ಹೊರಡುವವರೆಗೂ ಉಳಿಸಿಕೊಳ್ಳಿ, ಅರ್ಧ ದಿನದ ಬಾಡಿಗೆ ಕೇಳಿದರೂ ಸರಿ: ಕೂಸಿನ ನಿದ್ದೆ, ಅತ್ತೆಯ ಇನ್ಸುಲಿನ್, ಒದ್ದೆ ಬಟ್ಟೆಯ ಚೀಲ ಎಲ್ಲಕ್ಕೂ ಜಾಗ ಬೇಕು.