ಬೇಸಿಗೆಯಲ್ಲಿ ಊಟಿ ಸುತ್ತು: ಬೈಕಿನಲ್ಲಿ ಘಾಟಿ ಇಳಿಯುವುದು ಹೇಗೆ?

ಕೋಟಗಿರಿಯಿಂದ ಮೆಟ್ಟುಪಾಳ್ಯಕ್ಕೆ ಇಳಿಯುವ ರಸ್ತೆಯ ಬದಿಯಲ್ಲಿ ಬ್ರೇಕ್ ಸುಟ್ಟ ವಾಸನೆ ಹೊಡೆಯುತ್ತ ನಿಂತ ಬೈಕುಗಳು ಬೇಸಿಗೆ ರಜೆಯಲ್ಲಿ ಸಾಮಾನ್ಯ ನೋಟ. ಗಾಡಿಯಲ್ಲಿ ದೋಷವಿರುವುದು ಕಡಿಮೆ, ಇಳಿಸುವವರ ಕೈಕಾಲಿನಲ್ಲೇ ಹೆಚ್ಚು.

ದಾರಿ ಹೀಗಿರಲಿ: ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ, ಊಟಿ, ಕೋಟಗಿರಿ, ಮೆಟ್ಟುಪಾಳ್ಯ, ಸತ್ಯಮಂಗಲ, ದಿಂಬಂ, ಚಾಮರಾಜನಗರ. ಇದನ್ನು ತಿರುಗುಮುರುಗು ಮಾಡಬೇಡಿ. ಮಸಿನಗುಡಿ ಕಡೆಯ ಕಲ್ಲಹಟ್ಟಿ ಘಾಟಿಯ 36 ತಿರುವುಗಳಲ್ಲಿ ಹೊರಗಿನ ಗಾಡಿಗಳಿಗೆ ಇಳಿಯಲು ಬಿಡುವುದಿಲ್ಲ. ನೀಲಗಿರಿ ಜಿಲ್ಲೆಯ ಇ-ಪಾಸ್ (ಆನ್‌ಲೈನ್ ಪ್ರವೇಶ ಪರವಾನಗಿ) ಮನೆಯಲ್ಲೇ ಮಾಡಿಸಿಕೊಳ್ಳಿ. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ರಾತ್ರಿ ತಂಗಲು ಊಟಿಗಿಂತ ಕೋಟಗಿರಿಯೇ ಮೇಲು. ಗದ್ದಲ ಕಡಿಮೆ, ಬೆಳಗಿನ ತಂಪಿನಲ್ಲೇ ಇಳಿತ ಶುರು ಮಾಡಬಹುದು.

ಹೊರಡುವ ಮುನ್ನ ಆಯಿಲ್, ಚೈನು, ಟೈರಿನ ಗಾಳಿ ನೋಡಿ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಬಿಸಿಲಲ್ಲಿ ಓಡಿದ ಮೇಲೆ ಮೀಟರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ ಬೆಳಿಗ್ಗೆ ಚಳಿಯಲ್ಲಿ ಟೈರು ಮೆತ್ತಗಾಗಿರುತ್ತದೆ.

ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಈಗಲೇ ಬದಲಿಸಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕೆಂಬ ಮಾನದಂಡವಿದೆ. ತೇವ ಸೇರಿದ್ದಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆ, ಲಿವರ್ ಹಿಡಿದರೆ ಹ್ಯಾಂಡಲ್ಲಿಗೇ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಹೆಸರಿಲ್ಲದ ಅಗ್ಗದ ಬ್ರೇಕ್ ಪ್ಯಾಡುಗಳನ್ನಂತೂ ಈ ರಸ್ತೆಗೆ ತರಲೇಬೇಡಿ.

ಸಾವಿರ ಮೀಟರ್ ಏರಿದರೆ ಆರು ಡಿಗ್ರಿ ಆಸುಪಾಸು ತಂಪು. ಹಾಗಾಗಿ ಗಾಳಿಯಾಡುವ ಜಾಲರಿ ಜಾಕೆಟ್ಟು, ಅದರೊಳಗೆ ಹಾಕುವ ಒಂದು ಗಾಳಿತಡೆ ಪದರ, ಇಷ್ಟು ಸಾಕು. ಪದರವನ್ನು ಮಸಿನಗುಡಿಯಲ್ಲೇ ಹಾಕಿಕೊಳ್ಳಿ. ಊಟಿ ಮುಟ್ಟಿ ನಡುಗಿದ ಮೇಲೆ ಹಾಕಿದರೆ ಬೆರಳು ಮರಗಟ್ಟಿ ಕ್ಲಚ್ಚು ಹಿಡಿಯುವುದೇ ಕಷ್ಟ. ಹೆಲ್ಮೆಟ್ಟಿಗೆ ಕಪ್ಪು ವೈಸರ್ (ಮುಖದ ಮುಂದಿನ ಗಾಜು) ಬೇಡ, ಮಂಜಿನಲ್ಲಿ ಏನೂ ಕಾಣದು.

ಇನ್ನು ಇಳಿತ. ಕೋಟಗಿರಿಯಿಂದ ಸುಮಾರು 33 ಕಿ.ಮೀ.ಗಳಲ್ಲಿ ಹತ್ತಿರಹತ್ತಿರ ಒಂದೂವರೆ ಸಾವಿರ ಮೀಟರ್ ಕೆಳಗಿಳಿಯುತ್ತೀರಿ. ಯಾವ ಗೇರಿನಲ್ಲಿ ಈ ಏರು ಹತ್ತಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯಿರಿ: ನೇರ ರಸ್ತೆಯಲ್ಲಿ ಮೂರನೆಯದು, ಹೇರ್‌ಪಿನ್ ತಿರುವಿಗೆ ಎರಡನೆಯದು. ಥ್ರಾಟಲ್ ಮುಚ್ಚಿ, ಕ್ಲಚ್ಚು ಬಿಟ್ಟಿರಿ. ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಹಾಕಿ ಇಂಜಿನ್ ಆರಿಸುವವರು ಎಲ್ಲ ಭಾರವನ್ನೂ ಬ್ರೇಕಿನ ಮೇಲೆ ಹೊರಿಸುತ್ತಾರೆ. ಇಂಜೆಕ್ಷನ್ ಗಾಡಿಗಳಲ್ಲಿ (ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಅಳೆದು ಸಿಂಪಡಿಸುವಂಥವು) ಅದರಿಂದ ಉಳಿತಾಯವೂ ಇಲ್ಲದಷ್ಟೇ: ಗೇರಿನಲ್ಲಿ ಥ್ರಾಟಲ್ ಮುಚ್ಚಿ ಇಳಿಯುವಾಗ ಪೆಟ್ರೋಲ್ ಹೋಗುವುದೇ ಬಹುಮಟ್ಟಿಗೆ ನಿಂತಿರುತ್ತದೆ.

ಬ್ರೇಕನ್ನು ಉದ್ದಕ್ಕೂ ಹಗುರವಾಗಿ ಒತ್ತಿ ಹಿಡಿಯುವುದೇ ಎಲ್ಲರೂ ಮಾಡುವ ತಪ್ಪು. ಹಾಗೆ ಹಿಡಿದರೆ ಡಿಸ್ಕು ಆರಲು ಒಂದು ಕ್ಷಣವೂ ಸಿಗದು. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗ, ಮುಂದಿನದು ಹಿಂದಿನದು ಎರಡನ್ನೂ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ. ನಂತರ ತಿರುಗಿ. ಬಲಗಾಲು ಗೊತ್ತಿಲ್ಲದೆಯೇ ಪೆಡಲಿನ ಮೇಲೆ ಕೂತಿರುತ್ತದೆ. ಪಾದವನ್ನು ಫುಟ್‌ರೆಸ್ಟಿನಲ್ಲಿ ಹಿಂದಕ್ಕೆ ಸರಿಸಿಟ್ಟುಕೊಳ್ಳಿ. ಹಿಂದೆ ಒಬ್ಬರು ಕೂತಿದ್ದು ಬ್ಯಾಗೂ ಇದ್ದರೆ ಇನ್ನೂ ಒಂದು ಗೇರು ಕಡಿಮೆ ಮಾಡಿ.

ತಿರುವಿನಲ್ಲಿ ಕಣ್ಣು ರಸ್ತೆ ಹೊರಹೋಗುವ ಕಡೆಗಿರಲಿ. ಹತ್ತುವ ಬಸ್ಸಿಗೆ ಇಡೀ ತಿರುವಿನ ಅಗಲ ಬೇಕು. ಹಾರ್ನ್ ಕೇಳಿದೊಡನೆ ಮೇಲೆಯೇ ನಿಂತು ದಾರಿ ಬಿಡಿ.

ಲಿವರ್ ಮೆತ್ತಗಾಯಿತೇ? ಎರಡು ಮೂರು ಸಲ ಪಂಪ್ ಮಾಡಿ, ಗೇರು ಒಂದೊಂದಾಗಿ ಇಳಿಸಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ. ಅರ್ಧ ಗಂಟೆ ತಾನಾಗಿ ಆರಲಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುವ ಅಪಾಯವಿದೆ. ಸ್ಕೂಟರಿನಲ್ಲಿ ಗೇರು ಇಳಿಸುವ ದಾರಿಯೇ ಇಲ್ಲ, ಆದ್ದರಿಂದ ಈ ಸುತ್ತಿಗೆ ಸ್ಕೂಟರ್ ಬೇಡ.

ಮೆಟ್ಟುಪಾಳ್ಯದಲ್ಲಿ ಪದರ ತೆಗೆಯಿರಿ, ಜಾಕೆಟ್ಟು ತೆಗೆಯಬೇಡಿ. ಒಳಗಿನ ಹತ್ತಿ ಬನಿಯನ್ನನ್ನು ಒದ್ದೆ ಮಾಡಿಕೊಂಡರೆ ಗಾಳಿ ಬಡಿದು ಮೈ ತಣ್ಣಗಿರುತ್ತದೆ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ, ಬಾಯಾರುವ ಮೊದಲೇ ಗುಟುಕುಗುಟುಕಾಗಿ ಕುಡಿಯುತ್ತಿರಿ.

ಸತ್ಯಮಂಗಲ ದಾಟಿದ ಮೇಲೆ ಘಾಟಿಯ ಬುಡದ ಬಣ್ಣಾರಿಯಿಂದ ದಿಂಬಂವರೆಗೆ 27 ತಿರುವು, ಲಾರಿಗಳ ಸಾಲು. ತಿರುವಿನಲ್ಲಿ ಲಾರಿಯನ್ನು ಹಿಂದಿಕ್ಕಬೇಡಿ, ನೇರ ರಸ್ತೆ ಬರುವ ತನಕ ಅಂತರ ಬಿಟ್ಟು ಹಿಂದೆಯೇ ಬನ್ನಿ. ಇಲ್ಲಿಯೂ ರಾತ್ರಿ ನಿರ್ಬಂಧವಿದೆ. ಸಂಜೆ 4ರೊಳಗೆ ಬಣ್ಣಾರಿ ದಾಟಿದರೆ ಹಾಸನೂರು ಕಾಡನ್ನು ಬೆಳಕಿರುವಾಗಲೇ ಮುಗಿಸಬಹುದು. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿ, ಹಾರ್ನ್ ಹೊಡೆಯಬೇಡಿ, ಇಂಜಿನ್ ಆರಿಸಬೇಡಿ.